‘ವಾತಿಕಿನಾರೀ’: ಒಂದು ಲ್ಯಾಟಿನ್ ಕ್ರಿಯಾಪದದ ಅರ್ಥವಿಚಾರ

ಭವಿಷ್ಯಕಥನವನ್ನು ಸೂಚಿಸುವ ಕ್ರಿಯಾಪದಗಳು ಲ್ಯಾಟಿನ್ ಭಾಷೆಯಲ್ಲಿ ಹಲವಿವೆ. ‘ಪ್ರೈದೀಕೆರೆ’ ಎಂದರೆ ಮುಂಚಿತವಾಗಿ ಹೇಳುವುದು. ‘ಔಗುರಾರೀ’ ಎಂದರೆ ಪಕ್ಷಿಶಕುನಾದಿಗಳಿಂದ ತಿಳಿದು ಹೇಳುವುದು. ‘ವಾತಿಕಿನಾರೀ’ ಎಂಬುದು ಇವೆರಡರಿಂದಲೂ ಭಿನ್ನವಾದುದು. ‘ವಾತೇಸ್’ ಎಂದರೆ ದೈವಾವೇಶವುಳ್ಳ ಕಾಲಜ್ಞಾನಿ. ‘ಕನೆರೆ’ ಎಂದರೆ ಹಾಡುವುದು. ಇವೆರಡರ ಯೋಗದಿಂದ ಹುಟ್ಟಿದ ಈ ಪದಕ್ಕೆ ‘ಆವೇಶದಿಂದ ಭವಿಷ್ಯವನ್ನು ನುಡಿ’ ಎಂಬುದೇ ಮುಖ್ಯಾರ್ಥ.

ಈ ಕ್ರಿಯಾಪದವು ರೂಪದಲ್ಲಿ ಕರ್ಮಣಿ, ಅರ್ಥದಲ್ಲಿ ಕರ್ತರಿ. ‘ವಾತಿಕಿನಾತುರ್’ ಎಂಬುದನ್ನು ‘ನುಡಿಯಲ್ಪಡುತ್ತದೆ’ ಎಂದಲ್ಲ, ‘ನುಡಿಯುತ್ತಾನೆ’ ಎಂದೇ ಗ್ರಹಿಸಬೇಕು. ಸಂಸ್ಕೃತವನ್ನು ಬಲ್ಲವರು ‘ಭಾಷತೇ’ ಮೊದಲಾದ ಆತ್ಮನೇಪದರೂಪಗಳನ್ನು ಇಲ್ಲಿ ನೆನೆಯಬಹುದು.

ಸಿಸೆರೋ ಕ್ರಿ. ಪೂ. 44ರಲ್ಲಿ ಪೂರೈಸಿದ ‘ದೇ ದಿವಿನಾತಿಯೋನೆ’ ಎಂಬ ಸಂವಾದದಲ್ಲಿ ಭವಿಷ್ಯಜ್ಞಾನವನ್ನು ಎರಡಾಗಿ ವಿಭಾಗಿಸಲಾಗಿದೆ. ಶಕುನ, ಬಲಿಪಶುವಿನ ಅಂತರಂಗಗಳ ಪರೀಕ್ಷೆ ಮುಂತಾದುವು ಶಾಸ್ತ್ರಾಧೀನವಾದುವು. ಸ್ವಪ್ನ ಮತ್ತು ಆವೇಶಗಳು ಸಹಜವಾದುವು. ನಮ್ಮ ಕ್ರಿಯಾಪದವು ಈ ಎರಡನೆಯ ವರ್ಗಕ್ಕೆ ಸಲ್ಲುತ್ತದೆ.

ಆದರೆ ಆವೇಶಕ್ಕೂ ಉನ್ಮಾದಕ್ಕೂ ಅಂತರ ಅತ್ಯಲ್ಪ. ಅದೇ ಸಿಸೆರೋ ಕ್ರಿ. ಪೂ. 56ರ ‘ಪ್ರೋ ಸೆಸ್ತಿಯೋ’ ಭಾಷಣದಲ್ಲಿ ಈ ಪದವನ್ನು ‘ಹುಚ್ಚನಾಗು’ ಎಂಬರ್ಥದ ‘ಇನ್ಸಾನೀರೆ’ಯೊಡನೆ ಜೋಡಿಸಿದ್ದಾನೆ. ಗೌರವಕ್ಕಾಗಿ, ರಾಜ್ಯಹಿತಕ್ಕಾಗಿ ಬಾಳಬೇಕೆನ್ನುವವರನ್ನು ಪೀಸೋ ಹೀಗೆ ಹಳಿಯುತ್ತಿದ್ದನೆಂದು ಅಲ್ಲಿನ ಆರೋಪ. ಇಲ್ಲಿ ‘ಪ್ರಲಾಪಿಸು’ ಎಂಬ ಅರ್ಥವೇ ಯುಕ್ತ. ‘ಭವಿಷ್ಯ ನುಡಿ’ ಎಂದು ಅನುವಾದಿಸಿದರೆ ನಿಂದೆಯೇ ಸ್ತುತಿಯಾದೀತು. ಆದುದರಿಂದ ನಿಘಂಟಿನ ಮೊದಲ ಅರ್ಥದಲ್ಲಿಯೇ ತೃಪ್ತರಾಗದೆ, ನುಡಿದವನಾರು, ಯಾರನ್ನು ಕುರಿತು ನುಡಿದನು ಎಂಬುದನ್ನು ವಿದ್ಯಾರ್ಥಿಗಳು ವಿಚಾರಿಸತಕ್ಕದ್ದು.