ಅಂಗವಿಕಲರ ಸೇವೆಯೂ ಸ್ವನಿರ್ಣಯವೂ

ಕಣ್ಣು ಕಾಣದವರೊಬ್ಬರು ತಮ್ಮನ ಕೈಹಿಡಿದು ಬಾಗಲಕೋಟೆಯಲ್ಲಿ ನೆಂಟರ ಮನೆಗೆ ಬರುತ್ತಾರೆನ್ನಿ. ಮನೆಯವರು ತಮ್ಮನನ್ನು ಕೇಳುತ್ತಾರೆ: “ಇವ್ರು ಚಾ ಕುಡೀತಾರೇನ್ರಿ?” ಪ್ರಶ್ನೆ ಅಣ್ಣನದು, ಉತ್ತರ ತಮ್ಮನದು! ಇದರಲ್ಲಿ ಪ್ರೀತಿಯ ಕೊರತೆಯಿಲ್ಲ. ಆದರೆ ಅಣ್ಣನ ಇಚ್ಛೆಗೆ ಅಲ್ಲಿ ಸ್ಥಾನವಿಲ್ಲ. ತನ್ನ ಊಟ, ಉಡಿಗೆ, ಉದ್ಯೋಗ, ವಾಸಗಳನ್ನು ತಾನೇ ನಿರ್ಧರಿಸುವ ಹಕ್ಕಿಗೆ ಸ್ವನಿರ್ಣಯವೆಂದು ಹೆಸರು.

“ಪಾಪ, ಅವರಿಗೇನು ತಿಳಿದೀತು?” ಎಂಬವರುಂಟು. ಅಂಥವರು ಇಳಕಲ್ಲ ಸೀರೆಯನ್ನೊಮ್ಮೆ ಕಣ್ಣು ಮುಚ್ಚಿ ಮುಟ್ಟಿ ನೋಡಲಿ. ಹತ್ತಿಯ ಒಡಲು ಮುಗಿದು ರೇಷ್ಮೆಯ ಸೆರಗು ಮೊದಲಾಗುವ ಎಡೆ ಬೆರಳಿಗೆ ತಿಳಿಯುತ್ತದೆ. ಬಣ್ಣವನ್ನು ಬಾಯಿಂದ ಹೇಳಿ, ಸೀರೆಯನ್ನು ಕೈಗಿತ್ತರೆ ಅಂಧಳಾದ ಮಗಳೂ ತನ್ನ ಸೀರೆಯನ್ನು ತಾನೇ ಆರಿಸಬಲ್ಲಳು. ನೆರವೆಂದರೆ ಇದೇ: ಆಯ್ಕೆಯನ್ನು ಸುಲಭಗೊಳಿಸುವುದು, ಕಸಿದುಕೊಳ್ಳುವುದಲ್ಲ.

ಇದಕ್ಕೆ ನಿದರ್ಶನ ದೂರದಲ್ಲಿಲ್ಲ. ಬಾದಾಮಿಯ ಸಮೀಪದ ಶಿವಯೋಗಮಂದಿರವನ್ನು 1909ರಲ್ಲಿ ಸ್ಥಾಪಿಸಿದ ಹಾನಗಲ್ಲ ಕುಮಾರಸ್ವಾಮಿಗಳು ಅಂಧ ಬಾಲಕನೊಬ್ಬನ ಕಂಠವನ್ನು ಗುರುತಿಸಿ ಸಂಗೀತ ಶಿಕ್ಷಣ ಕೊಡಿಸಿದರು. ಆತನೇ ಮುಂದೆ ಗಾನಯೋಗಿ ಪಂಚಾಕ್ಷರಿ ಗವಾಯಿಗಳಾದರು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅವರು ಅಂಧರಿಗೂ ಅನಾಥರಿಗೂ ಅನ್ನ, ವಿದ್ಯೆಗಳನ್ನಿತ್ತರು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ, ಅವರಂತೆಯೇ ದೃಷ್ಟಿಯಿಲ್ಲದ ಪುಟ್ಟರಾಜ ಗವಾಯಿಗಳು 2010ರವರೆಗೆ ಆಶ್ರಮವನ್ನು ನಡೆಸಿದರು. ಆಶ್ರಯ ಪಡೆದವರೇ ಆಶ್ರಯದಾತರಾದರು. ಅಂಧರ ಸಂಸ್ಥೆಯ ಚುಕ್ಕಾಣಿ ಅಂಧರ ಕೈಯಲ್ಲಿಯೇ ಇದ್ದಿತು.

ಎಲ್ಲರೂ ಗವಾಯಿಗಳಾಗಲಾರರು, ಆಗಬೇಕಾಗಿಯೂ ಇಲ್ಲ. ಹಕ್ಕು ಪ್ರತಿಭೆಗೆ ಸಲ್ಲುವ ಬಹುಮಾನವಲ್ಲ. ವಿಶ್ವಸಂಸ್ಥೆಯ 2006ರ ಒಡಂಬಡಿಕೆಯನ್ನು ಭಾರತವು 2007ರಲ್ಲಿ ಅಂಗೀಕರಿಸಿತು. ಅದಕ್ಕನುಗುಣವಾಗಿ ಬಂದ 2016ರ ಕಾಯಿದೆಯು 21 ಬಗೆಯ ಅಂಗವೈಕಲ್ಯಗಳನ್ನು ಹೆಸರಿಸಿ, ಕಾನೂನಿನ ಎದುರು ಅಂಗವಿಕಲರೂ ಇತರರಿಗೆ ಸಮಾನರೆಂದು ಸಾರುತ್ತದೆ. ಪಾಲಕರನ್ನು ನೇಮಿಸಬೇಕಾದಾಗಲೂ ಸಾಮಾನ್ಯವಾಗಿ ಅದು ನಿರ್ದಿಷ್ಟ ವಿಷಯಕ್ಕೆ, ನಿರ್ದಿಷ್ಟ ಅವಧಿಗೆ ಮಾತ್ರ. ನಿರ್ಧಾರವನ್ನು ಇಬ್ಬರೂ ಕೂಡಿಯೇ ಕೈಕೊಳ್ಳಬೇಕು.

ಆದರೆ ಕಾಯಿದೆ ಮನೆಯ ಪಡಸಾಲೆಯವರೆಗೆ ಬರಬೇಕಾದರೆ ನಮ್ಮ ನಡೆ ಬದಲಾಗಬೇಕು. ಅವರೊಡನೆ ನೇರವಾಗಿ ಮಾತನಾಡೋಣ. ಸರಳವಾಗಿ ಹೇಳಿ, ಉತ್ತರಕ್ಕೆ ಕಾಯೋಣ. ಮಾತು ಬಾರದವರು ಮೋರೆ ತಿರುವಿದರೆ ಅದೂ ಒಂದು ಉತ್ತರವೇ. “ಬೇಡ” ಎನ್ನುವ, ತಪ್ಪಿ ಕಲಿಯುವ ಅವಕಾಶ ನಮಗಿರುವಂತೆ ಅವರಿಗೂ ಇರಲಿ.

ಹುನಗುಂದದ ಬಸ್ಸಿನಲ್ಲಿಯೋ ನಮ್ಮ ತರಗತಿಯಲ್ಲಿಯೋ ಅಂಥವರೊಬ್ಬರು ಎದುರಾದಾಗ, ಕೈಹಿಡಿದು ಎಳೆಯುವ ಮುನ್ನ “ನನ್ನಿಂದ ಏನಾಗಬೇಕ್ರಿ?” ಎಂದು ಅವರನ್ನೇ ಕೇಳೋಣ. ಸೇವೆ ಆ ಪ್ರಶ್ನೆಯಿಂದ ಮೊದಲಾಗುತ್ತದೆ.