ತಾರಸಿ ಮೇಲಿನದ್ದೂ ಸೇರಿ ಎಷ್ಟು?

ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ 2013ರ ಅಕ್ಟೋಬರ್‌ನಲ್ಲಿ ಒಂದು ದರ ನಿಗದಿ ಮಾಡಿತು. ತಾರಸಿಯ ಮೇಲೆ ಸೌರ ವಿದ್ಯುತ್ ತಯಾರಿಸಿ ಸರಬರಾಜು ಕಂಪನಿಗೆ ಕೊಟ್ಟವರಿಗೆ ಯೂನಿಟ್ಟಿಗೆ 9 ರೂಪಾಯಿ 56 ಪೈಸೆ. ಸಬ್ಸಿಡಿ ಪಡೆದವರಾದರೆ 7 ರೂಪಾಯಿ 20 ಪೈಸೆ. ಕರಾರು 25 ವರ್ಷದ್ದು. ಆಗಿನ ಕಾಲಕ್ಕೆ ಅದು ಕೈತುಂಬ ಸಿಗುವ ದರ. ಮರುವರ್ಷದಿಂದ ಬೆಂಗಳೂರಿನ ಬಡಾವಣೆಗಳಲ್ಲಿ ನೀರಿನ ಟ್ಯಾಂಕು, ಬಿಸಿನೀರಿನ ಸೋಲಾರ್‌ಗಳ ಪಕ್ಕದಲ್ಲಿ ನೀಲಿ ಪ್ಯಾನೆಲ್‌ಗಳೂ ಕಾಣಿಸತೊಡಗಿದವು. ಅಂಥ ಮನೆಗಳಲ್ಲಿ ಕೆಲವು ಈಗ ಮಾರಾಟಕ್ಕೆ ಬರುತ್ತಿವೆ. ಮನೆ ತೋರಿಸುವ ಬ್ರೋಕರ್ ಕೊನೆಗೆ ತಾರಸಿಗೂ ಕರೆದೊಯ್ದು, "ಸೋಲಾರ್ ಬೇರೆ ಇದೆ ಸಾರ್, ಕರೆಂಟ್ ಬಿಲ್ಲೇ ಬರಲ್ಲ" ಎನ್ನುತ್ತಾರೆ. ಮಾತುಕತೆಯಲ್ಲಿ ಅದಕ್ಕೊಂದು ಎರಡು ಲಕ್ಷ ಸೇರಿಕೊಳ್ಳುತ್ತದೆ.

ಕೊಳ್ಳುವವರಿಗೆ ಆಗ ಹುಟ್ಟುವ ಅನುಮಾನ ಸಾಮಾನ್ಯವಾಗಿ ಒಂದೇ: ಪ್ಯಾನೆಲ್ ಹಳೆಯದಾಯಿತಲ್ಲ, ಇನ್ನೆಷ್ಟು ದಿನ ಬರುತ್ತದೆ? ನನ್ನ ಪ್ರಕಾರ ಇದು ಕಡೆಗೆ ಕೇಳಬೇಕಾದ ಪ್ರಶ್ನೆ. ಆ ಇಡೀ ವ್ಯವಸ್ಥೆಯಲ್ಲಿ ಹೆಚ್ಚು ನಂಬಬಹುದಾದ ವಸ್ತು ಪ್ಯಾನೆಲ್ಲೇ. ಅದರ ಸುತ್ತ ಇರುವ ನೆರಳು, ಇನ್ವರ್ಟರ್, ತಾರಸಿಯ ತೂತುಗಳು, ಕಾಗದಪತ್ರ ಇವು ಕೈಕೊಡುವುದು ಹೆಚ್ಚು.

ಪ್ಯಾನೆಲ್ ಏಕೆ ಬಾಳುತ್ತದೆ ಎಂದರೆ ಅದರಲ್ಲಿ ಸವೆಯುವಂಥದ್ದು ಏನೂ ಚಲಿಸುವುದಿಲ್ಲ. ಬೆಳಕು ಬಿದ್ದಾಗ ಸಿಲಿಕಾನ್‌ನೊಳಗೆ ಎಲೆಕ್ಟ್ರಾನ್‌ಗಳು ಬಿಡುಗಡೆಯಾಗಿ ಒಂದೇ ದಿಕ್ಕಿಗೆ ಹರಿಯುತ್ತವೆ. ಆ ಕೆಲಸದಲ್ಲಿ ಸಿಲಿಕಾನ್ ಖರ್ಚಾಗುವುದಿಲ್ಲ. ಮುಪ್ಪು ಬರುವುದು ಅದರ ಹೊದಿಕೆಗೆ. ಗಾಜಿನ ಕೆಳಗೆ ಸೆಲ್‌ಗಳನ್ನು ಹಿಡಿದಿಟ್ಟಿರುವ ಪ್ಲಾಸ್ಟಿಕ್ ಪದರ ಬಿಸಿಲಿಗೆ ಹಳದಿಗಟ್ಟುತ್ತದೆ, ಅಂಚಿನಿಂದ ತೇವ ಒಳಸೇರುತ್ತದೆ, ಹಗಲು ಹಿಗ್ಗಿ ರಾತ್ರಿ ಕುಗ್ಗುವ ಬೆಸುಗೆಗಳು ಸಡಿಲಗೊಳ್ಳುತ್ತವೆ. ಅಮೆರಿಕದ ರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಪ್ರಯೋಗಾಲಯದ ಡರ್ಕ್ ಜೋರ್ಡಾನ್ ಮತ್ತು ಸಾರಾ ಕರ್ಟ್ಜ್ ಪ್ರಪಂಚದ ನಾನಾ ಕಡೆ ದಾಖಲಾದ ಸುಮಾರು ಎರಡು ಸಾವಿರ ಅಳತೆಗಳನ್ನು ಒಟ್ಟುಗೂಡಿಸಿ 2012ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಈ ಇಳಿಕೆಯ ಮಧ್ಯಮ ಮೌಲ್ಯ ವರ್ಷಕ್ಕೆ ಶೇ 0.5. ಭಾರತದಲ್ಲಿ ಮುಂಬಯಿಯ ಐಐಟಿ ಮತ್ತು ಗುರುಗ್ರಾಮದ ರಾಷ್ಟ್ರೀಯ ಸೌರ ಶಕ್ತಿ ಸಂಸ್ಥೆ ಸೇರಿ ನಡೆಸಿದ ಸಮೀಕ್ಷೆಗಳ ಚಿತ್ರ ಇಷ್ಟು ಹಿತವಾಗಿಲ್ಲ. ಬಿಸಿ ಹೆಚ್ಚಿರುವ ಪ್ರದೇಶಗಳಲ್ಲಿ ಇಳಿಕೆ ಜೋರು. ದೊಡ್ಡ ಸ್ಥಾವರಗಳಿಗಿಂತ ಮನೆಗಳ ಮೇಲಿನ ಸಣ್ಣ ವ್ಯವಸ್ಥೆಗಳಲ್ಲಿ ಇನ್ನೂ ಜೋರು. ದೊಡ್ಡವರು ಪರೀಕ್ಷಿಸಿ ಕೊಳ್ಳುತ್ತಾರೆ, ನುರಿತವರಿಂದ ಕೂರಿಸುತ್ತಾರೆ. ಮನೆಯವರು ಪರಿಚಯದವರು ಹೇಳಿದ್ದನ್ನು ಹಾಕಿಸಿಕೊಳ್ಳುತ್ತಾರೆ.

ಹಾಗಾಗಿ ಪ್ಯಾನೆಲ್‌ನ ಮುಖಕ್ಕಿಂತ ಬೆನ್ನು ನೋಡುವುದು ಒಳ್ಳೆಯದು. ಬಗ್ಗಿ ಅಡಿಯ ಬಿಳಿ ಹಾಳೆಯ ಮೇಲೆ ಬೆರಳು ಎಳೆಯಬೇಕು. ಸುಣ್ಣದ ಗೋಡೆ ಸವರಿದ ಹಾಗೆ ಬಿಳಿ ಪುಡಿ ಅಂಟಿದರೆ ಆ ಹಾಳೆಯ ಮೇಲ್ಮೈ ಬಿಸಿಲಿಗೆ ಶಿಥಿಲವಾಗಿದೆ ಎಂದರ್ಥ. ಮುಂದಿನ ಹಂತ ಬಿರುಕು, ಅದರ ಮುಂದಿನದು ಮಳೆಗಾಲದಲ್ಲಿ ವಿದ್ಯುತ್ ಸೋರಿಕೆ. ಅಲ್ಲೇ ಅಂಟಿಸಿದ ಚೀಟಿಯಲ್ಲಿ ಕಂಪನಿಯ ಹೆಸರು, ಸೀರಿಯಲ್ ನಂಬರ್, ವ್ಯಾಟ್ ಎಲ್ಲ ಇರುತ್ತದೆ. ಫೋಟೊ ತೆಗೆದಿಟ್ಟುಕೊಳ್ಳಿ. ಆ ಚೀಟಿಯ ವ್ಯಾಟ್ ಪ್ರಯೋಗಾಲಯದ್ದು, ಸೆಲ್ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇದ್ದಾಗಿನ ಮಾತು. ನಡು ಮಧ್ಯಾಹ್ನ ತಾರಸಿಯಲ್ಲಿ ಅದು 60 ಡಿಗ್ರಿ ಮುಟ್ಟುವುದು ಸಾಮಾನ್ಯ. ಒಂದೊಂದು ಡಿಗ್ರಿಗೆ ಸುಮಾರು ಶೇ 0.4 ಇಳಿಯುವುದರಿಂದ ಹೊಚ್ಚಹೊಸ ಪ್ಯಾನೆಲ್ ಕೂಡ ಆ ಹೊತ್ತಿನಲ್ಲಿ ಶೇ 14ರಷ್ಟು ಕಡಿಮೆ ಕೊಡುತ್ತದೆ. ಅದು ದೋಷವಲ್ಲ, ಸ್ವಭಾವ.

ಇನ್ನು ನೆರಳು. ಒಂದು ಪ್ಯಾನೆಲ್‌ನಲ್ಲಿ ಸಾಮಾನ್ಯವಾಗಿ 60 ಅಥವಾ 72 ಸೆಲ್‌ಗಳು ಒಂದರ ಹಿಂದೊಂದು ಜೋಡಣೆಯಾಗಿರುತ್ತವೆ. ಅಂಥ ಪ್ಯಾನೆಲ್‌ಗಳೂ ಒಂದಕ್ಕೊಂದು ಸಾಲಾಗಿ ಸೇರಿ ಇನ್ವರ್ಟರ್‌ಗೆ ಹೋಗುತ್ತವೆ. ಕಟ್ಟಡದ ಕೆಲಸದಲ್ಲಿ ಸಾಲಾಗಿ ನಿಂತು ಇಟ್ಟಿಗೆಯನ್ನು ಕೈಯಿಂದ ಕೈಗೆ ದಾಟಿಸುವವರಲ್ಲಿ ಒಬ್ಬ ನಿಧಾನವಾದರೆ ಇಡೀ ಸಾಲು ನಿಧಾನವಾಗುತ್ತದಲ್ಲ, ಇಲ್ಲೂ ಹಾಗೆಯೇ. ನೆರಳು ಬಿದ್ದ ಒಂದು ಸೆಲ್ ಉಳಿದವುಗಳ ಹರಿವನ್ನು ತಡೆಯುತ್ತದೆ. ತಾನು ವಿದ್ಯುತ್ ಕೊಡುವ ಬದಲು ಬೇರೆಯವು ಕೊಟ್ಟದ್ದನ್ನು ತಿಂದು ಕಾಯುತ್ತದೆ. ಇದನ್ನು ತಪ್ಪಿಸಲು ಪ್ಯಾನೆಲ್ಲಿಗೆ ಮೂರು ಡಯೋಡ್‌ಗಳನ್ನು ಇಟ್ಟಿರುತ್ತಾರೆ. ನೆರಳು ಬಿದ್ದ ಸೆಲ್‌ಗಳ ಗುಂಪನ್ನು ಬಿಟ್ಟು ಸುತ್ತುಹಾಕಿ ವಿದ್ಯುತ್ ಆಚೆಗೆ ಹೋಗುತ್ತದೆ, ಆದರೆ ಆ ಮೂರನೇ ಒಂದು ಭಾಗ ಅಷ್ಟು ಹೊತ್ತು ಲೆಕ್ಕಕ್ಕಿಲ್ಲ. ಬಟ್ಟೆ ಒಣಹಾಕಲು ನೆಟ್ಟ ಒಂದು ಕಂಬದ ನೆರಳೂ ಇಷ್ಟು ಮಾಡಬಲ್ಲದು.

ಮನೆ ನೋಡಲು ಹೋಗುವ ತಿಂಗಳೂ ಇಲ್ಲಿ ಮುಖ್ಯ. ಬೆಂಗಳೂರಿನಲ್ಲಿ ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ ಸೂರ್ಯ ನಡು ಮಧ್ಯಾಹ್ನ ನೆತ್ತಿಯ ಮೇಲೆ ನೇರ ಬರುತ್ತಾನೆ; ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ಬೇಸಿಗೆ ರಜೆಯಲ್ಲಿ ಮನೆ ಹುಡುಕುವವರು ತಾರಸಿ ಹತ್ತಿದಾಗ ಎಲ್ಲೆಲ್ಲೂ ಬಿಸಿಲು ಕಾಣುವುದು ಇದೇ ಕಾರಣಕ್ಕೆ. ಡಿಸೆಂಬರ್ ಕೊನೆಯಲ್ಲಿ ಅದೇ ಸೂರ್ಯ ಮಧ್ಯಾಹ್ನಕ್ಕೂ ದಕ್ಷಿಣ ದಿಕ್ಕಿನಲ್ಲಿ 54 ಡಿಗ್ರಿಗಿಂತ ಮೇಲೇರುವುದಿಲ್ಲ. ಆಗ ತಾರಸಿ ಮಟ್ಟದಿಂದ ಹತ್ತು ಅಡಿ ಎತ್ತರಕ್ಕೆ ಎದ್ದ ಪಕ್ಕದ ಮನೆಯ ಮಹಡಿ ಮಧ್ಯಾಹ್ನ ಏಳೂವರೆ ಅಡಿಯಷ್ಟು ನೆರಳು ಚಾಚುತ್ತದೆ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಅದು ಹದಿನೈದು ಅಡಿಗೂ ಹೆಚ್ಚು. ಮೂವತ್ತು-ನಲವತ್ತರ ಸೈಟಿನಲ್ಲಿ ಹದಿನೈದು ಅಡಿ ಎಂದರೆ ಸಣ್ಣ ಮಾತಲ್ಲ. ವಾಸ್ತು ನೋಡುವವರು ಈಶಾನ್ಯ ಮೂಲೆಯ ಬಗ್ಗೆ ಎಷ್ಟು ತಲೆ ಕೆಡಿಸಿಕೊಳ್ಳುತ್ತಾರೋ ಅದರ ಅರ್ಧದಷ್ಟು ಕಾಳಜಿಯನ್ನು ದಕ್ಷಿಣದ ಸೈಟಿನ ಬಗ್ಗೆ ವಹಿಸಿದರೆ ಸಾಕು. ಅಲ್ಲಿ ಈಗ ಒಂದೇ ಅಂತಸ್ತಿನ ಹಂಚಿನ ಮನೆ ಇದ್ದರೆ ಸಂತೋಷಪಡುವ ಬದಲು ಸ್ವಲ್ಪ ಹೆದರಬೇಕು: ಅದನ್ನು ಕೆಡವಿ ನಾಲ್ಕಂತಸ್ತು ಏರಿಸುವ ಕಾಲ ಬಂದೇ ಬರುತ್ತದೆ. ಆಗ ಕಾನೂನಿನ ಆಸರೆ ಹುಡುಕುವುದು ಕಷ್ಟ. 1882ರ ಸುಖಾಧಿಕಾರ ಕಾಯ್ದೆಯ 15ನೇ ಸೆಕ್ಷನ್ನು ಇಪ್ಪತ್ತು ವರ್ಷ ಅಡೆತಡೆಯಿಲ್ಲದೆ ಪಡೆದ ಗಾಳಿ-ಬೆಳಕಿಗೆ ರಕ್ಷಣೆ ಕೊಡುತ್ತದೆ ನಿಜ, ಆದರೆ ಅದನ್ನು ಬರೆದವರ ಮನಸ್ಸಿನಲ್ಲಿದ್ದದ್ದು ಕಿಟಕಿ. ಹತ್ತು ವರ್ಷದ ಪ್ಯಾನೆಲ್‌ಗಂತೂ ಆ ಇಪ್ಪತ್ತೂ ತುಂಬಿರುವುದಿಲ್ಲ.

ಇನ್ವರ್ಟರ್ ಪೆಟ್ಟಿಗೆಯ ಬಳಿ ನಿಂತಾಗ ಬ್ರೋಕರ್ ಹೇಳದ ಒಂದು ಸಂಗತಿ ಇದೆ. ಬ್ಯಾಟರಿ ಇಲ್ಲದೆ ವಿದ್ಯುತ್ ಜಾಲಕ್ಕೆ ಜೋಡಿಸಿದ ಸಾಮಾನ್ಯ ವ್ಯವಸ್ಥೆಯಲ್ಲಿ ಬೀದಿಯ ಕರೆಂಟ್ ಹೋದರೆ ಸೋಲಾರ್ ಕೂಡ ನಿಲ್ಲುತ್ತದೆ, ಮೇಲೆ ಬಿಸಿಲು ಸುಡುತ್ತಿದ್ದರೂ. ಕಂಬ ಹತ್ತಿ ದುರಸ್ತಿ ಮಾಡುವ ಲೈನ್‌ಮನ್ ತಂತಿಯಲ್ಲಿ ವಿದ್ಯುತ್ ಇಲ್ಲವೆಂದು ನಂಬಿ ಕೈ ಇಡುತ್ತಾನೆ. ಆಗ ಯಾವುದೋ ತಾರಸಿಯಿಂದ ಅದು ಹರಿದು ಬರಕೂಡದು. ಹಾಗಾಗಿ ಜಾಲದ ಸುಳಿವು ತಪ್ಪಿದೊಡನೆ ಇನ್ವರ್ಟರ್ ತಾನೇ ಕಡಿದುಕೊಳ್ಳುವಂತೆ ರೂಪಿಸಲಾಗಿದೆ. "ಸೋಲಾರ್ ಇದ್ದಮೇಲೆ ಯುಪಿಎಸ್ ಯಾಕೆ" ಎಂದು ಕೇಳುವ ಹೊಸ ಮಾಲೀಕರಿಗೆ ಮೊದಲ ಮಳೆಗೇ ಉತ್ತರ ಸಿಗುತ್ತದೆ.

ಆ ಪೆಟ್ಟಿಗೆಯ ಪರದೆಯಲ್ಲೇ ಮನೆಯ ಅತ್ಯಂತ ಪ್ರಾಮಾಣಿಕ ಸಾಕ್ಷಿಯೂ ಇರುತ್ತದೆ: ಅಳವಡಿಸಿದಂದಿನಿಂದ ಒಟ್ಟು ಎಷ್ಟು ಯೂನಿಟ್ ತಯಾರಾಗಿದೆ, ಬಹಳಷ್ಟು ಮಾದರಿಗಳಲ್ಲಿ ಒಟ್ಟು ಎಷ್ಟು ಗಂಟೆ ಕೆಲಸ ಮಾಡಿದೆ ಎಂಬ ಎರಡು ಅಂಕಿಗಳು. ಬೆಂಗಳೂರಿನಲ್ಲಿ ಒಂದು ಕಿಲೋವ್ಯಾಟ್‌ಗೆ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್, ವರ್ಷಕ್ಕೆ 1,400ರ ಸುತ್ತಮುತ್ತ ನಿರೀಕ್ಷಿಸಬಹುದು. ಎಂಟು ವರ್ಷದ 3 ಕಿಲೋವ್ಯಾಟ್ ವ್ಯವಸ್ಥೆ ಎಂದಿಟ್ಟುಕೊಳ್ಳಿ. ಮುಪ್ಪನ್ನು ಕಳೆದು 32,000 ಯೂನಿಟ್ ಹತ್ತಿರ ಇರಬೇಕು. ಪರದೆ 22,000 ತೋರಿಸಿದರೆ ಮೂರನೇ ಒಂದು ಭಾಗ ಎಲ್ಲೋ ಸೋರಿಹೋಗಿದೆ. ಎಲ್ಲಿ ಎಂಬುದನ್ನು ಗಂಟೆಗಳ ಅಂಕಿ ಹೇಳುತ್ತದೆ. ದಿನಕ್ಕೆ ಹನ್ನೊಂದು ಗಂಟೆಯಂತೆ ಎಂಟು ವರ್ಷಕ್ಕೆ 32,000 ಗಂಟೆ ಹತ್ತಿರ ಆಗುತ್ತದೆ. ಗಂಟೆಗಳು ಸರಿಯಾಗಿದ್ದು ಯೂನಿಟ್ ಕಡಿಮೆ ಎಂದರೆ ಯಂತ್ರ ಓಡಿದೆ, ಮೇಲಿನಿಂದ ಬರಬೇಕಾದದ್ದು ಬಂದಿಲ್ಲ: ನೆರಳು, ದೂಳು, ಇಲ್ಲವೇ ಕೆಟ್ಟ ಪ್ಯಾನೆಲ್. ಗಂಟೆಗಳೇ ಕಡಿಮೆ ಎಂದರೆ ಇನ್ವರ್ಟರ್ ಕೆಟ್ಟು ಕೂತಿತ್ತು, ಅಥವಾ ಬೀದಿಯ ಕರೆಂಟ್ ಪದೇ ಪದೇ ಹೋಗುತ್ತಿತ್ತು. ಎರಡೂ ತೀರಾ ಚಿಕ್ಕದಾಗಿದ್ದರೆ ಇನ್ವರ್ಟರ್ ಬದಲಾಗಿದೆ. ಅದು ಒಳ್ಳೆಯ ಸುದ್ದಿಯೇ. ಒಳಗಿನ ಕೆಪಾಸಿಟರ್‌ಗಳು ಬಿಸಿಗೆ ಒಣಗುವುದರಿಂದ ಹತ್ತು-ಹನ್ನೆರಡು ವರ್ಷಕ್ಕೆ ಇನ್ವರ್ಟರ್ ಬದಲಿಸುವ ಖರ್ಚು ಹೇಗೂ ಬರುವಂಥದ್ದು. ಹಿಂದಿನವರು ಮಾಡಿಸಿದ್ದರೆ ಅಷ್ಟು ನಿಮಗೆ ಉಳಿತಾಯ.

ಇನ್ನು ತೂತುಗಳು. ಪ್ಯಾನೆಲ್‌ಗಳ ಕಬ್ಬಿಣದ ಚೌಕಟ್ಟನ್ನು ತಾರಸಿ ಕೊರೆದು ಬೋಲ್ಟ್ ಹಾಕಿ ನಿಲ್ಲಿಸಿದ್ದರೆ ಕೆಳಗಿನ ಕೋಣೆಯ ಸೂರನ್ನು ಮಳೆಗಾಲದಲ್ಲೊಮ್ಮೆ ನೋಡಿ. ಅಷ್ಟೇ.

ಕಾಗದದ ವಿಷಯಕ್ಕೆ ಬಂದರೆ, ಆಸ್ತಿ ವರ್ಗಾವಣೆ ಕಾಯ್ದೆಯೂ 1882ರದ್ದೇ. ಮನೆ ಮಾರಿದಾಗ ಅದರೊಂದಿಗೆ ಏನೇನು ಹೋಗುತ್ತದೆ ಎಂದು ಅದರ 8ನೇ ಸೆಕ್ಷನ್ನು ಹೇಳುತ್ತದೆ: ಬೀಗ, ಕೀಲಿಕೈ, ಸರಳು, ಬಾಗಿಲು, ಕಿಟಕಿ ಮತ್ತು ಮನೆಯ ಶಾಶ್ವತ ಬಳಕೆಗೆಂದು ಒದಗಿಸಿದ ಇತರ ವಸ್ತುಗಳು. ಚಾರ್ಲ್ಸ್ ಫ್ರಿಟ್ಸ್ ಎಂಬಾತ ನ್ಯೂಯಾರ್ಕಿನ ಒಂದು ಮಾಡಿನ ಮೇಲೆ ಸೆಲೆನಿಯಂ ಸೆಲ್‌ಗಳ ಫಲಕ ಕೂರಿಸಿದ್ದು 1884ರಲ್ಲಿ, ಕಾಯ್ದೆ ಬಂದು ಎರಡು ವರ್ಷಕ್ಕೆ. ಹಾಗಾಗಿ ಪ್ಯಾನೆಲ್ ಆ ಪಟ್ಟಿಯಲ್ಲಿ ಇಲ್ಲ. "ಇತರ ವಸ್ತು"ಗಳಲ್ಲಿ ಅದೂ ಸೇರುತ್ತದೆಂದು ವಾದಿಸಬಹುದು. ವಾದಕ್ಕೆ ಬಿಡುವುದಕ್ಕಿಂತ ಕ್ರಯಪತ್ರದ ಷೆಡ್ಯೂಲಿನಲ್ಲಿ ಇಷ್ಟು ಪ್ಯಾನೆಲ್, ಇಂಥ ಇನ್ವರ್ಟರ್, ಇಂಥ ಸೀರಿಯಲ್ ನಂಬರ್ ಎಂದು ಒಂದು ಸಾಲು ಬರೆಸುವುದು ಸುಲಭ.

ಅದಕ್ಕಿಂತ ದೊಡ್ಡ ಗಂಟು ವಿದ್ಯುತ್ ಖರೀದಿ ಕರಾರಿನದು. ಅದು ಮನೆಯ ಗೋಡೆಗೆ ಅಂಟಿದ್ದಲ್ಲ, ಆರ್.ಆರ್. ನಂಬರಿನ ಮೇಲೆ, ಒಬ್ಬ ವ್ಯಕ್ತಿಯ ಹೆಸರಿನಲ್ಲಿ ಆಗಿರುವಂಥದ್ದು. ಖಾತೆ ಬದಲಾವಣೆ, ನೀರಿನ ಬಿಲ್ಲಿನ ಹೆಸರು ಬದಲಾವಣೆಗೆಂದು ಓಡಾಡುವ ಜನ ಇದನ್ನು ಮರೆತುಬಿಡುತ್ತಾರೆ. ಹಳೆಯ ದರದ ಕರಾರಿನಲ್ಲಿ ಹೆಚ್ಚುವರಿ ಯೂನಿಟ್ಟಿನ ಹಣ ನೇರ ಬ್ಯಾಂಕಿಗೆ ಬರುವಂತಿದ್ದರೆ, ಪ್ಯಾನೆಲ್ ತೊಳೆಯುವವರು ನೀವು, ಹಣ ಹೋಗುವುದು ಹಿಂದಿನವರ ಖಾತೆಗೆ. ಮೂಲ ಕರಾರಿನ ಪ್ರತಿ, ಅದರ ದರ, ಉಳಿದ ವರ್ಷ, ಅದನ್ನು ಹೊಸ ಮಾಲೀಕರ ಹೆಸರಿಗೆ ವರ್ಗಾಯಿಸಲು ಕಂಪನಿಯ ಒಪ್ಪಿಗೆ ಇವನ್ನು ಮುಂಗಡ ಕೊಡುವ ಮೊದಲೇ ಕೇಳಬೇಕು. ಸಾಲ ಮಾಡಿ ಹಾಕಿಸಿದ್ದರೆ ಬ್ಯಾಂಕಿನಿಂದ ಬಾಕಿ ಇಲ್ಲವೆಂಬ ಪತ್ರವೂ ಬೇಕು, ಏಕೆಂದರೆ ಪ್ಯಾನೆಲ್ ಮೇಲಿನ ಸಾಲ ಋಣಭಾರ ಪತ್ರದಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ.

ಇಷ್ಟೆಲ್ಲ ಸರಿ ಇದ್ದರೆ ಬೆಲೆ ಎಷ್ಟು? ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯ ಎಂಟು ರಾಜ್ಯಗಳ ಸುಮಾರು 22,000 ಮನೆ ಮಾರಾಟಗಳನ್ನು ಹೋಲಿಸಿ 2015ರಲ್ಲಿ ಕೊಟ್ಟ ವರದಿಯ ಪ್ರಕಾರ ಸ್ವಂತ ಪ್ಯಾನೆಲ್ ಇದ್ದ ಮನೆಗೆ ವ್ಯಾಟ್‌ಗೆ ಸುಮಾರು 4 ಡಾಲರ್ ಹೆಚ್ಚು ಸಿಕ್ಕಿತ್ತು. ಅಲ್ಲಿನ ದರ ಇಲ್ಲಿಗೆ ಹೊಂದುವುದಿಲ್ಲ. ಅದೇ ವರದಿಯ ಇನ್ನೊಂದು ಅಂಶ ಹೊಂದುತ್ತದೆ: ಪ್ಯಾನೆಲ್ ಸವೆಯುವುದಕ್ಕಿಂತ ವೇಗವಾಗಿ ಮಾರುಕಟ್ಟೆ ಅದರ ಬೆಲೆ ಇಳಿಸುತ್ತದೆ. ಅದಕ್ಕೆ ಕಾರಣ ಹೊಸತು ಅಗ್ಗವಾಗುತ್ತಿರುವುದು. 2024ರಲ್ಲಿ ಪಿಎಂ ಸೂರ್ಯ ಘರ್ ಯೋಜನೆಗೆ ಕೇಂದ್ರ ಇಟ್ಟುಕೊಂಡ ಮಾನದಂಡದ ಬೆಲೆ ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 50,000, ಮೂರನೆಯದಕ್ಕೆ 45,000 ರೂಪಾಯಿ, ಸಬ್ಸಿಡಿ 78,000. ಸರ್ಕಾರದ ಲೆಕ್ಕದಲ್ಲಿ ಹೊಸ 3 ಕಿಲೋವ್ಯಾಟ್ ವ್ಯವಸ್ಥೆ ಕೈಯಿಂದ 67,000ಕ್ಕೆ ಸಿಗಬೇಕು. ಮಾರುಕಟ್ಟೆಯಲ್ಲಿ ಅದಕ್ಕಿಂತ ಹೆಚ್ಚು ಕೇಳುತ್ತಾರೆ ಎಂದೇ ಇಟ್ಟುಕೊಂಡರೂ, ಎಂಟು ವರ್ಷ ಬಿಸಿಲು ಕಂಡದ್ದಕ್ಕೆ ಎರಡು ಲಕ್ಷ ಹೇಗೆ? ಮಾರುವವರ ಲೆಕ್ಕ ತಾವು ಅಂದು ಕೊಟ್ಟದ್ದರ ಮೇಲೆ ನಿಂತಿರುತ್ತದೆ. 9.56ರ ಕರಾರು ಜೀವಂತವಾಗಿ ನಿಮ್ಮ ಹೆಸರಿಗೆ ಬರುವುದಾದರೆ ಮಾತ್ರ ಹೆಚ್ಚು ಕೊಡಲು ಅರ್ಥವಿದೆ. ಅಲ್ಲಿ ಬೆಲೆ ಬಾಳುವುದು ಆ ಕಾಗದ.

ರಾಜ್ಯದ ಗೃಹಜ್ಯೋತಿ ಯೋಜನೆಯೂ ಈ ಲೆಕ್ಕವನ್ನು ಕದಡಿದೆ. 2023ರ ಜುಲೈನಿಂದ, ಹಿಂದಿನ ಸರಾಸರಿ ಬಳಕೆಗೆ ಶೇ 10 ಸೇರಿಸಿ, 200 ಯೂನಿಟ್ ಮಿತಿಯೊಳಗೆ ವಿದ್ಯುತ್ ಉಚಿತ. ಆ ಮಿತಿಯಲ್ಲೇ ಸಂಸಾರ ನಡೆಯುವ ಮನೆಗೆ ಪ್ಯಾನೆಲ್ ಉಳಿಸಿಕೊಡುವುದು ಏನೂ ಇಲ್ಲ. ಎರಡು ಎಸಿ, ಒಂದು ಎಲೆಕ್ಟ್ರಿಕ್ ಕಾರು ಇರುವ ಮನೆಗೆ ಅದೇ ಪ್ಯಾನೆಲ್ ವರ್ಷಕ್ಕೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಉಳಿಸಬಲ್ಲದು. ಬಿಲ್ಲೇ ಬರಲ್ಲ ಎಂಬುದಂತೂ ಸುಳ್ಳು; ಮಂಜೂರಾದ ಲೋಡಿನ ಮೇಲಿನ ನಿಗದಿತ ಶುಲ್ಕ ಬಿಸಿಲಿಗೆ ಕರಗುವುದಿಲ್ಲ.

"ಹಾಗಾದರೆ ನಾನೇ ಬಿಚ್ಚಿಕೊಂಡು ಹೋಗುತ್ತೇನೆ" ಎಂದು ಮಾರುವವರು ಹೇಳುವುದುಂಟು. ಹೇಳಲಿ. ಬಿಚ್ಚುವ ಕೂಲಿ, ಸಾಗಣೆ, ದಾರಿಯಲ್ಲಿ ಒಡೆಯುವ ಗಾಜು, ಹೊಸ ಜಾಗದಲ್ಲಿ ಮತ್ತೆ ಅರ್ಜಿ, ಮತ್ತೆ ಮೀಟರ್. ಹಳೆಯ ದರದ ಕರಾರು ಅವರ ಹಿಂದೆ ಆ ಹೊಸ ತಾರಸಿಗೆ ನಡೆದು ಬರುವುದಿಲ್ಲ. ಈ ಖರ್ಚಿನ ಅಂದಾಜು ಕೊಳ್ಳುವವರ ಕೈಯಲ್ಲೂ ಇದ್ದರೆ ಎರಡು ಲಕ್ಷದ ಮಾತು ಬಹಳ ಹೊತ್ತು ನಿಲ್ಲುವುದಿಲ್ಲ.