ದೇವರಮನೆಯ ದಾರಿಗೆ ಯಾವ ತಲೆಮಾರಿನ ಸಿಟಿ?

ಪ್ರಶ್ನೆ: ಮೂಡಿಗೆರೆಯ ನಮ್ಮ ಕುಟುಂಬಕ್ಕೆ ಹೋಂಡಾ ಸಿಟಿ ಹೊಸದೇ ಬೇಕೋ, ಹಳೆಯದು ಸಾಕೋ?

ಉತ್ತರ: 1998ರಲ್ಲಿ ಭಾರತಕ್ಕೆ ಬಂದು, 2003, 2008, 2014 ಮತ್ತು 2020ರಲ್ಲಿ ರೂಪಾಂತರ ಹೊಂದಿದ ಈ ವಾಹನದ ಗುಣಾವಗುಣಗಳನ್ನು ಬೆಂಗಳೂರಿನ ಸಮತಲ ಮಾರ್ಗದಲ್ಲಲ್ಲದೆ, ದೇವರಮನೆಯ ಕಾಲಭೈರವೇಶ್ವರನ ಸನ್ನಿಧಿಗೆ ಏರುವ ಇಕ್ಕಟ್ಟಾದ ತಿರುವುಗಳಲ್ಲಿಯೇ ಪರೀಕ್ಷಿಸತಕ್ಕುದು. ಐದು ಜನರೂ ಸಾಮಾನೂ ತುಂಬಿದ ಬಂಡಿಗೆ ಅಲ್ಲಿ ಅಗತ್ಯವಾದುದು ಪರಮವೇಗವಲ್ಲ, ಮಂದಗತಿಯಲ್ಲಿಯೇ ಒದಗುವ ಎಳೆತದ ಶಕ್ತಿ. ನಾಲ್ಕನೆಯ ತಲೆಮಾರಿನ ಪೆಟ್ರೋಲ್ ಎಂಜಿನ್ನಿನ ತಿರುಚುಬಲ 145 ನ್ಯೂಟನ್ ಮೀಟರ್ ಆಗಿದ್ದರೆ, ಡೀಸೆಲ್ಲಿನದು 200. ಅದೂ ಎಂಜಿನ್ನು ಹೆಚ್ಚು ಸುತ್ತುವ ಮುನ್ನವೇ ಲಭ್ಯವಾಗುವುದರಿಂದ, ಸುಸ್ಥಿತಿಯಲ್ಲಿರುವ ಅಂಥ ವಾಹನವೊಂದು ದೊರೆತಲ್ಲಿ ನಾನು ಹೊಸದಕ್ಕಿಂತ ಅದನ್ನೇ ಮೆಚ್ಚುವೆನು.

ಎರಡನೆಯ ತಲೆಮಾರಿನದು ಮಿತವ್ಯಯಿಯೇನೋ ಹೌದು. ಆದರೆ ನೋಂದಣಿಯ 15 ವರ್ಷಗಳ ಅವಧಿ ಮುಗಿದು, ಐದೈದು ವರ್ಷಗಳಿಗೊಮ್ಮೆ ನವೀಕರಿಸಬೇಕಾಗುವುದಲ್ಲದೆ, ತಕಾಟಾ ಕಂಪನಿಯ ಗಾಳಿಚೀಲಗಳ ದೋಷನಿವಾರಣೆಗಾಗಿ ಹಿಂದಕ್ಕೆ ಕರೆಯಲ್ಪಟ್ಟ ಬಂಡಿಗಳಲ್ಲಿ ಆ ಕಾರ್ಯ ಪೂರ್ಣವಾಗಿದೆಯೇ ಎಂಬುದನ್ನೂ ವಿಚಾರಿಸಬೇಕು.

ಮಲೆನಾಡಿನ ಮಳೆಗಾಲಗಳನ್ನು ಕಂಡ ಬಂಡಿಯ ಮೇಲ್ಬಣ್ಣಕ್ಕೆ ಮರುಳಾಗದೆ, ಅದನ್ನು ಮೇಲೆತ್ತಿಸಿ ತಳದ ತುಕ್ಕನ್ನೂ ಬ್ರೇಕಿನ ಕೊಳವೆಗಳನ್ನೂ ಸ್ವತಃ ಕಂಡು ನಿಶ್ಚಯಿಸಿರಿ. ಐದನೆಯ ತಲೆಮಾರಿನಲ್ಲಿಯೂ ನೆಲದಿಂದ ತಳಕ್ಕೆ ಇರುವ ಅಂತರ 165 ಮಿಲಿಮೀಟರ್ ಮಾತ್ರ; ಭಾರ ತುಂಬಿದಾಗ ಅದು ಇನ್ನೂ ಕುಗ್ಗುವುದು. ನಿಮ್ಮ ತೋಟದ ದಾರಿ ಕೊರಕಲಾಗಿದ್ದರೆ, ಯಾವ ತಲೆಮಾರಿನ ಸೆಡಾನನ್ನೂ ನಾನು ಅನುಮೋದಿಸಲಾರೆ.